ಕೆರೆಯ ಪಾಠದಲ್ಲಿ ಎಮ್ಮೆಯ ಜಾಗ ಯಾವುದು?

ಬೋಧನಾಭ್ಯಾಸದ ಮೊದಲ ಹಂತಕ್ಕೆ ನನ್ನನ್ನು ಹಾಕಿದ್ದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ. ಎಂಟನೇ ತರಗತಿಯ ವಿಜ್ಞಾನದಲ್ಲಿ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಪಾಠ ನನ್ನ ಪಾಲಿಗೆ ಬಂತು. ಆ ಊರಿಗೆ ಒಂದು ಕೆರೆ ಇದೆ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳಲ್ಲಿ ಒಂದೆರಡು ಗುಂಪು ಇಲ್ಲಿಗೂ ಇಳಿಯುತ್ತವೆ. ಸ್ಥಳೀಯ ಪರಿಸರದಿಂದಲೇ ಉದಾಹರಣೆ ಕೊಡಬೇಕೆಂದು ನಮ್ಮ ಉಪನ್ಯಾಸಕರು ಹೇಳಿಕೊಟ್ಟಿದ್ದರು. ಹಾಗಾಗಿ ಊರ ಕೆರೆಯನ್ನೇ ಇಟ್ಟುಕೊಂಡು ಎರಡು ರಾತ್ರಿ ಕುಳಿತು ಒಂದು ಚಾರ್ಟ್ ಮಾಡಿದೆ. ಎಡಗಡೆ ‘ಕೆರೆಯ ಗೆಳೆಯರು’, ಬಲಗಡೆ ‘ಕೆರೆಯ ಶತ್ರುಗಳು’. ಶತ್ರುಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್, ಒತ್ತುವರಿ, ಚರಂಡಿ ನೀರು, ಸೋಪಿನ ನೊರೆ ಮತ್ತು ಕೊನೆಯದಾಗಿ ‘ದನ-ಎಮ್ಮೆ ಮೇಯಿಸುವುದು’. ಎಮ್ಮೆಯ ಚಿತ್ರ ಚೆನ್ನಾಗಿ ಬಂದಿತ್ತು. ಅದರ ಮೇಲೆ ಕೆಂಪು ಸ್ಕೆಚ್ ಪೆನ್ನಿನಿಂದ ಕತ್ತರಿ ಗುರುತು ಹಾಕಿದ್ದೆ.

ಪಾಠ ಯೋಜನೆಯ ಪ್ರಕಾರವೇ ಎಲ್ಲ ನಡೆಯಿತು. ಮೌಲ್ಯಮಾಪನದ ಹಂತಕ್ಕೆ ಬಂದಾಗ ಕೊನೆಯ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಅಕ್ಕೋರ, ಹಂಗಾದ್ರ ನಮ್ಮ ಎಮ್ಮಿ ಕೆರಿ ಕೆಡಸ್ತಾವೇನ್ರಿ?”

“ಬಹಳ ಮೇಯಿಸಿದರೆ ಕೆಡುತ್ತದಪ್ಪ” ಎಂದೆ.

“ಅಪ್ಪಗ ಹೇಳ್ಲೇನ್ರಿ, ಎಮ್ಮಿ ಮಾರಂತ?”

ತರಗತಿ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ವೀಕ್ಷಣಾ ಹಾಳೆಯಲ್ಲಿ ‘ಬೋಧನೋಪಕರಣ ಉತ್ತಮ, ಸಂಶಯ ನಿವಾರಣೆ ತೃಪ್ತಿಕರ’ ಎಂದು ಬರೆದಿತ್ತು. ಆದರೆ ಆ ಹುಡುಗ ತಮಾಷೆಗೆ ಕೇಳಿದ್ದಲ್ಲ. ಅವನ ಮನೆಯಲ್ಲಿ ನಾಲ್ಕು ಎಮ್ಮೆಗಳಿವೆ ಎಂದೂ, ಶಾಲೆಗೆ ಬರುವ ಮುಂಚೆ ಅವುಗಳನ್ನು ಕೆರೆಗೆ ಹೊಡೆದುಕೊಂಡು ಹೋಗುವವನು ಅವನೇ ಎಂದೂ ಆಮೇಲೆ ಗೊತ್ತಾಯಿತು. ಉಳಿದ ದಿನಗಳಲ್ಲಿ ಅವನು ನನ್ನ ತರಗತಿಯಲ್ಲಿ ಒಮ್ಮೆಯೂ ಕೈ ಎತ್ತಲಿಲ್ಲ.

ಇಲ್ಲಿ ನನ್ನದೇ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲೂ ಎಮ್ಮೆಗಳಿವೆ. ಪಿಯುಸಿ ಆದ ಮೇಲೆ ಮೂರು ವರ್ಷ ನಾನು ಓದು ಬಿಟ್ಟು ಮನೆಯಲ್ಲಿದ್ದಾಗ ಹಾಲು ಕರೆದು ಡೇರಿಗೆ ಹಾಕುತ್ತಿದ್ದವಳು ನಾನೇ. ಈ ಬಿಎಸ್ಸಿ ಬಿಎಡ್ ಕೋರ್ಸಿನ ಮೊದಲ ವರ್ಷದ ಶುಲ್ಕ ಹೋದದ್ದು ಆ ಡೇರಿ ಪಾಸ್‌ಬುಕ್ಕಿನಿಂದ. ಎಮ್ಮೆ ನೀರಿಗಿಳಿದರೆ ಬೆಳ್ಳಕ್ಕಿಗಳು ಹಿಂದೆಯೇ ಬರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೂ ಚಾರ್ಟ್ ಬರೆಯುವಾಗ ಇದ್ಯಾವುದೂ ನೆನಪಾಗಲಿಲ್ಲ. ಹಳೆಯ ದಾಖಲೆ ಪುಸ್ತಕಗಳಲ್ಲಿ, ಗೈಡುಗಳಲ್ಲಿ ‘ಜೌಗು ಪ್ರದೇಶಕ್ಕೆ ಅಪಾಯಗಳು’ ಎಂಬ ಪಟ್ಟಿಯಲ್ಲಿ ಇದ್ದದ್ದನ್ನು ನಕಲು ಮಾಡಿದ್ದೆ.

ಆ ಹುಡುಗನ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಜನವರಿಯ ಶೈಕ್ಷಣಿಕ ಪ್ರವಾಸದಲ್ಲಿ. ಸಿಕ್ಕಿದ್ದು ನೇರವಾದ ಉತ್ತರವೂ ಅಲ್ಲ. ಆ ಅನುಭವದಿಂದ ನಮ್ಮ ಪಾಠ ಯೋಜನೆಗಳ ಬಗ್ಗೆ ನನಗೆ ಮೂಡಿದ ಒಂದು ಅಭಿಪ್ರಾಯವನ್ನು ಸಹ ಪ್ರಶಿಕ್ಷಣಾರ್ಥಿಗಳ ಮತ್ತು ಗುರುಗಳ ಮುಂದಿಡಲು ಈ ಲೇಖನ.

ಭರತಪುರದಲ್ಲಿ ಅರ್ಧ ದಿನ

ನಮ್ಮ ಪ್ರವಾಸ ದೆಹಲಿ, ಆಗ್ರಾ, ಜೈಪುರಕ್ಕೆ. ಆಗ್ರಾದಿಂದ ಜೈಪುರಕ್ಕೆ ಹೋಗುವ ದಾರಿಯಲ್ಲೇ ಭರತಪುರ ಸಿಗುತ್ತದೆ. ಅಲ್ಲಿನ ಕೇವಲಾದೇವ ರಾಷ್ಟ್ರೀಯ ಉದ್ಯಾನಕ್ಕೆ ಅರ್ಧ ದಿನ ಇಟ್ಟಿದ್ದರು. ಬೆಳಿಗ್ಗೆ ಗೇಟಿನ ಬಳಿ ಇಳಿದಾಗ ದಟ್ಟ ಮಂಜು. ಇಪ್ಪತ್ತು ಹೆಜ್ಜೆ ಆಚೆ ಏನೂ ಕಾಣದು. ಸ್ವೆಟರ್ ಸಾಲದೆ ಶಾಲು ಹೊದ್ದುಕೊಂಡು ನಡುಗುತ್ತ ನಿಂತಿದ್ದೆವು. ಒಳಗೆ ಬಸ್ಸು ಬಿಡುವುದಿಲ್ಲ. ಸೈಕಲ್ ರಿಕ್ಷಾದಲ್ಲಿ ಹೋಗಬೇಕು, ಇಲ್ಲವೇ ಬಾಡಿಗೆ ಸೈಕಲ್ ತುಳಿಯಬೇಕು, ಇಲ್ಲವೇ ನಡೆಯಬೇಕು. ಅಲ್ಲಿನ ರಿಕ್ಷಾದವರಿಗೆ ಹಕ್ಕಿ ತೋರಿಸುವ ತರಬೇತಿ ಕೊಟ್ಟಿರುತ್ತಾರೆ. ನಮ್ಮ ರಿಕ್ಷಾ ತುಳಿದ ಹಿರಿಯರಿಗೆ ನೂರಾರು ಹಕ್ಕಿಗಳ ಹೆಸರು ಬಾಯಲ್ಲೇ ಇದ್ದವು. ನಮ್ಮ ಹಿಂದಿ ಅಷ್ಟಕ್ಕಷ್ಟೇ. ಆದರೂ ಅವರು ಬೆರಳು ತೋರಿಸಿ, ಕೈಯಲ್ಲಿ ಕೊಕ್ಕಿನ ಆಕಾರ ಮಾಡಿ ತಿಳಿಸಿಕೊಟ್ಟರು.

ಈ ಜಾಗ ಸುಮಾರು 29 ಚದರ ಕಿಲೋಮೀಟರ್. ಇಡೀ ಜೌಗು ತಾನಾಗಿ ಆದದ್ದಲ್ಲ ಎಂಬುದೇ ಮೊದಲ ಆಶ್ಚರ್ಯ. ತಗ್ಗು ನೆಲ ಮೊದಲಿನಿಂದಲೂ ಇತ್ತು. 18ನೇ ಶತಮಾನದಲ್ಲಿ ಭರತಪುರದ ರಾಜ ಸೂರಜ್‌ಮಲ್ ಕಾಲದಲ್ಲಿ ಅಜಾನ್ ಎಂಬಲ್ಲಿ ಒಡ್ಡು ಹಾಕಿದ ಮೇಲೆ ನೀರು ನಿಲ್ಲತೊಡಗಿತು. ಆಮೇಲಿನ ಅರಸರು ಬಾತುಕೋಳಿ ಬೇಟೆಗಾಗಿ ಕಾಲುವೆ, ಏರಿ, ತೂಬುಗಳನ್ನು ಕಟ್ಟಿಸಿ ಇದನ್ನು ವಿಸ್ತರಿಸಿದರು. ಕೇವಲಾದೇವ ಎಂಬ ಶಿವನ ಗುಡಿಯ ಹತ್ತಿರ, ಯಾವ ದಿನ ಯಾರು ಎಷ್ಟು ಹಕ್ಕಿ ಹೊಡೆದರು ಎಂದು ಕೆತ್ತಿಸಿದ ಕಲ್ಲುಗಳಿವೆ. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ ಬಿದ್ದ ಹಕ್ಕಿಗಳು 4,273. ನಮ್ಮಲ್ಲಿ ಕೆಲವರು ಆ ಕಲ್ಲಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡೆವು. ಸಂಖ್ಯೆ ಓದಿದ ಮೇಲೆ ಯಾರೂ ಮಾತಾಡಲಿಲ್ಲ.

ಮಂಜು ಸರಿದಂತೆ ಹಕ್ಕಿಗಳು ಕಂಡವು. ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ನೀರ ತುಂಬ ನಾಮದ ಕೋಳಿಗಳು, ದೂರದಲ್ಲಿ ಜೋಡಿ ಸಾರಸ. ದಡದ ಹುಲ್ಲಿನಲ್ಲಿ ಪಟ್ಟೆತಲೆಯ ಹೆಬ್ಬಾತುಗಳ ಒಂದು ಹಿಂಡು ತಲೆ ತಗ್ಗಿಸಿ ಸದ್ದಿಲ್ಲದೆ ಮುಂದೆ ಮುಂದೆ ಸರಿಯುತ್ತಿತ್ತು. ಗದಗದ ಕಡೆಗೂ ಬರುವ ಅದೇ ಜಾತಿ. ನಾನು ಇದುವರೆಗೆ ಹೆಬ್ಬಾತನ್ನು ‘ಹಕ್ಕಿ’ ಎಂದಷ್ಟೇ ನೋಡಿದ್ದೆ. ಅದು ಕುರಿಯಂತೆ ಮೇಯುವ ಪ್ರಾಣಿ ಎಂದು ಅಂದೇ ಕಣ್ಣಾರೆ ಕಂಡದ್ದು. ನನ್ನ ಚಾರ್ಟಿನಲ್ಲಿ ಹೆಬ್ಬಾತು ಎಡಗಡೆ ಇತ್ತು, ಎಮ್ಮೆ ಬಲಗಡೆ ಇತ್ತು. ಎರಡೂ ತಿನ್ನುವುದು ಹುಲ್ಲನ್ನೇ.

ಇನ್ನೊಂದು ತಿರುವಿನಲ್ಲಿ ರಿಕ್ಷಾ ನಿಲ್ಲಿಸಿದರು. ಒಂದು ಕಡವೆ ಹೊಟ್ಟೆಯ ತನಕ ನೀರಿನಲ್ಲಿ ನಿಂತು, ಮೂತಿ ಮುಳುಗಿಸಿ, ನೀರೊಳಗಿನ ಬಳ್ಳಿಯನ್ನು ಎಳೆದು ತಿನ್ನುತ್ತಿತ್ತು. ಅದು ನಡೆದು ಬಂದ ದಾರಿ ಹಸಿರು ಹಾಸಿನ ನಡುವೆ ಕಪ್ಪು ಗೆರೆಯಂತೆ ತೆರೆದುಕೊಂಡಿತ್ತು. ಆ ಗೆರೆಯಲ್ಲೇ ಎರಡು ಬೆಳ್ಳಕ್ಕಿಗಳು ಅದರ ಹಿಂದೆ ಹೆಜ್ಜೆ ಹಾಕುತ್ತ, ಅದು ಕಲಕಿದ ಕೆಸರಿನಿಂದ ಎದ್ದ ಏನನ್ನೋ ಹೆಕ್ಕುತ್ತಿದ್ದವು. ಆಚೆ ದಿಬ್ಬದಲ್ಲಿ ನೀಲಗಾಯ್ ಹಿಂಡು, ಅದರ ಆಚೆ ಯಾರದ್ದೂ ಅಲ್ಲದ ಬೀಡಾಡಿ ದನಗಳು. ಗೆಳತಿಯರು ಕಡವೆಯ ಫೋಟೋ ತೆಗೆದರು. ನನಗೆ ಕೊನೆಯ ಬೆಂಚಿನ ಹುಡುಗ ನೆನಪಾದ.

“ಇಲ್ಲಿ ಎಮ್ಮೆ ಬಿಡುವುದಿಲ್ಲವೇ?” ಎಂದು ರಿಕ್ಷಾದವರನ್ನು ಕೇಳಿದೆ. ಅವರು ಪೆಡಲ್ ನಿಲ್ಲಿಸಿ ಹಿಂತಿರುಗಿ ನೋಡಿದರು. ತಾವು ಹುಡುಗರಾಗಿದ್ದಾಗ ಇದೇ ನೀರಿನಲ್ಲಿ ಮನೆಯ ಎಮ್ಮೆಗಳನ್ನು ಮೇಯಿಸುತ್ತಿದ್ದೆವು, ಆಮೇಲೆ ಗೋಡೆ ಬಂತು, ಗುಂಡು ಹಾರಿತು ಎಂದರು. ಹೆಚ್ಚು ಹೇಳಲಿಲ್ಲ. ನಾನೂ ಹೆಚ್ಚು ಕೇಳಲಿಲ್ಲ.

ನಿಷೇಧದ ಆಚೆ ಏನಾಯಿತು

ಪ್ರವಾಸ ಮುಗಿಸಿ ಬಂದ ಮೇಲೆ ಗ್ರಂಥಾಲಯದಲ್ಲಿ ಕುಳಿತು ಇದನ್ನು ಓದಿಕೊಂಡೆ. ಕೇವಲಾದೇವ 1956ರಲ್ಲಿ ಪಕ್ಷಿಧಾಮವಾಯಿತು. 1981ರ ಅಕ್ಟೋಬರಿನಲ್ಲಿ ಒಡಿಶಾದ ಚಿಲಿಕಾ ಸರೋವರದ ಜೊತೆ ಭಾರತದ ಮೊದಲ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. 1980ರ ದಶಕದ ಆರಂಭದಲ್ಲೇ ರಾಷ್ಟ್ರೀಯ ಉದ್ಯಾನವಾಯಿತು. ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯಿಸುವಂತಿಲ್ಲ. 1982ರ ನವೆಂಬರಿನಲ್ಲಿ ಮೇಯಿಸುವುದನ್ನು ಒಮ್ಮೆಲೇ ನಿಲ್ಲಿಸಿದರು. ತಲೆಮಾರುಗಳಿಂದ ಸಾವಿರಾರು ದನ-ಎಮ್ಮೆ ಬಿಡುತ್ತಿದ್ದ ಸುತ್ತಲಿನ ಹಳ್ಳಿಗಳವರು ವಿರೋಧಿಸಿದರು. ಘರ್ಷಣೆಯಾಯಿತು. ಪೊಲೀಸರ ಗುಂಡಿಗೆ ಹಳ್ಳಿಗರು ಬಲಿಯಾದರು.

ಮೇಯಿಸುವುದು ನಿಂತರೆ ಹಕ್ಕಿಗಳಿಗೆ ಒಳ್ಳೆಯದಾಗುತ್ತದೆ ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಅದೃಷ್ಟಕ್ಕೆ, ನಿಷೇಧ ಬರುವ ಮುಂಚೆಯೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಅಲ್ಲಿ ನೀರು, ಗಿಡ, ಮೀನು, ಹಕ್ಕಿ ಎಲ್ಲದರ ಅಧ್ಯಯನ ಆರಂಭಿಸಿದ್ದರು. ಅದು ಸುಮಾರು ಹತ್ತು ವರ್ಷ ನಡೆಯಿತು. ಹೀಗಾಗಿ ನಿಷೇಧದ ಹಿಂದಿನ ಲೆಕ್ಕವೂ ಇತ್ತು, ನಂತರದ ಲೆಕ್ಕವೂ ಇತ್ತು. ಲೆಕ್ಕ ಹೇಳಿದ್ದು ನಂಬಿಕೆಗೆ ವಿರುದ್ಧ. ಎಮ್ಮೆಗಳು ಹೋದ ಮೇಲೆ ಪಾಸ್ಪಾಲಂ ಎಂಬ, ನೆಲದಲ್ಲೂ ನೀರಿನಲ್ಲೂ ಹಬ್ಬುವ ಹುಲ್ಲು ಕೈಮೀರಿ ಬೆಳೆಯಿತು. ತೆರೆದ ನೀರು ಕಡಿಮೆಯಾಯಿತು. ನೀರೊಳಗಿನ ಗಿಡಗಳಿಗೆ ಬೆಳಕು ತಪ್ಪಿತು, ಮೀನುಗಳಿಗೆ ತೊಂದರೆಯಾಯಿತು, ತೆರೆದ ನೀರನ್ನು ನಂಬಿದ ಬಾತುಗಳಂಥ ಹಕ್ಕಿಗಳಿಗೆ ಜಾಗವಿಲ್ಲದಾಯಿತು. ಎಮ್ಮೆ ಇಷ್ಟು ದಿನ ಆ ಹುಲ್ಲನ್ನು ತಿಂದು, ತುಳಿದು, ಹದದಲ್ಲಿ ಇಟ್ಟಿತ್ತು. ಕೊನೆಗೆ ಹಳ್ಳಿಗರೇ ಬಂದು ಹುಲ್ಲು ಕೊಯ್ದುಕೊಂಡು ಹೋಗಲು ಅವಕಾಶ ಕೊಡಬೇಕಾಯಿತು. 1985ರಲ್ಲಿ ವಿಶ್ವ ಪರಂಪರೆಯ ತಾಣ ಎಂದು ಹೆಸರಾದ ಜಾಗ, 1990ರಲ್ಲಿ ರಾಮ್‌ಸಾರ್ ಒಪ್ಪಂದದ ‘ಗಮನ ಬೇಕಾದ ತಾಣಗಳ’ ಪಟ್ಟಿಗೆ ಸೇರಿತು. ನೀರಿನ ಕೊರತೆಯ ಜೊತೆಗೆ ಮೇಯುವಿಕೆಯ ಸಮತೋಲ ತಪ್ಪಿದ್ದೂ ಅದಕ್ಕೆ ಕಾರಣವಾಗಿತ್ತು.

ಇದನ್ನು ಓದಿದ ಮೇಲೆ ‘ಹಾಗಾದರೆ ಎಮ್ಮೆಯನ್ನು ಗೆಳೆಯರ ಪಟ್ಟಿಗೆ ಹಾಕಿದರಾಯಿತು’ ಎಂದು ನನಗೂ ಅನ್ನಿಸಿತು. ಅಷ್ಟರಲ್ಲಿ ನೆದರ್ಲೆಂಡ್ಸ್ ದೇಶದ ಓಸ್ಟ್‌ಫಾರ್ಡರ್ಸ್‌ಪ್ಲಾಸನ್ ಎಂಬ ಜೌಗು ಪ್ರದೇಶದ ಕಥೆ ಓದಿದೆ. 1968ರಲ್ಲಿ ನೀರು ಹೊರಹಾಕಿ ಪಡೆದ ನೆಲವದು. ಹೆಬ್ಬಾತುಗಳು ಬಂದು ಜೊಂಡು ಮೇಯ್ದು ಜೌಗನ್ನು ತೆರೆದಿಟ್ಟವು. ಅಲ್ಲಿನವರು ದೊಡ್ಡ ಮೇಯುವ ಪ್ರಾಣಿಗಳೂ ಬೇಕೆಂದು 1983ರಿಂದ ಹೆಕ್ ತಳಿಯ ದನ, ಕೊನಿಕ್ ತಳಿಯ ಕುದುರೆ, ಆಮೇಲೆ ಕೆಂಪು ಜಿಂಕೆಗಳನ್ನು ತಂದು ಬಿಟ್ಟರು. ಸುತ್ತ ಬೇಲಿ, ಒಳಗೆ ತೋಳವಿಲ್ಲ. ಹಿಂಡುಗಳು ಬೆಳೆದವು, ಹುಲ್ಲು ಸಾಲದಾಯಿತು. 2017-18ರ ಚಳಿಗಾಲದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಹೆಚ್ಚಿನವು ಹಸಿವಿನಿಂದ ನರಳಬಾರದೆಂದು ಸಿಬ್ಬಂದಿಯೇ ಗುಂಡಿಟ್ಟು ಕೊಂದಂಥವು. ಜನ ಬೇಲಿಯ ಮೇಲಿಂದ ಹುಲ್ಲಿನ ಕಟ್ಟು ಎಸೆದರು. ಒಂದು ಕಡೆ ಮೇಯುವ ಪ್ರಾಣಿಯನ್ನು ಹೊರಗಿಟ್ಟು ಕೆಟ್ಟಿತು, ಇನ್ನೊಂದು ಕಡೆ ಒಳಗೆ ಬಿಟ್ಟು ಲೆಕ್ಕ ತಪ್ಪಿತು. ಎಮ್ಮೆ ಗೆಳೆಯನೋ ಶತ್ರುವೋ ಎಂಬ ಪ್ರಶ್ನೆಯೇ ಸರಿಯಲ್ಲ. ಎಷ್ಟು ಎಮ್ಮೆ, ಯಾವ ತಿಂಗಳು, ಕೆರೆಯ ಯಾವ ದಡ ಎಂದು ಕೇಳಬೇಕು. ಇದನ್ನು ನೋಡದೆ ಹೇಳಲು ಬಾರದು.

ಮತ್ತೆ ಅದೇ ಕೆರೆಗೆ

ಬೋಧನಾಭ್ಯಾಸದ ಎರಡನೇ ಹಂತಕ್ಕೆ ಅದೇ ಶಾಲೆಯನ್ನು ಕೇಳಿ ಪಡೆದೆ. ಹೆಬ್ಬಾತುಗಳು ಇನ್ನೂ ಇದ್ದವು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಸಹಶಿಕ್ಷಕರೊಬ್ಬರನ್ನು ಜೊತೆಗೆ ಕರೆದುಕೊಂಡು, ಮೂರು ದಿನ ಬೆಳಿಗ್ಗೆ ಮೊದಲ ಅವಧಿಯಲ್ಲಿ ಮಕ್ಕಳೊಂದಿಗೆ ಕೆರೆ ಏರಿಯ ಮೇಲೆ ನಿಂತೆ. ಬೈನಾಕ್ಯುಲರ್ ಇರಲಿಲ್ಲ. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಕಾಲು, ಕೊಕ್ಕು ನೋಡಿ ತಾವೇ ಹೆಸರಿಡಿ ಎಂದಿದ್ದೆ.

ಮೊದಲು ಆ ಹುಡುಗನ ಹತ್ತಿರ ಹೋಗಿ, ಅಂದು ನಾನು ಕೊಟ್ಟ ಉತ್ತರ ಸರಿ ಇರಲಿಲ್ಲ, ನನಗೂ ಗೊತ್ತಿಲ್ಲ, ನೀನೇ ತೋರಿಸು ಎಂದೆ. ಅವನು ಸ್ವಲ್ಪ ಹೊತ್ತು ನನ್ನನ್ನು ನಂಬಲಿಲ್ಲ. ಆಮೇಲೆ ಕೈ ಮಾಡಿ ತೋರಿಸಿದ: “ಎಮ್ಮಿ ಇಳಿಯೋ ಕಡೆ ನೋಡ್ರಿ, ನೀರು ತೆರದೈತಿ. ಅಲ್ಲೇ ಬೆಳ್ಳಕ್ಕಿ ಬರ್ತಾವು. ಆ ಕಡೆ ಎಮ್ಮಿ ಹೋಗಂಗಿಲ್ಲ, ಬರೇ ಆಪು ಬೆಳದೈತಿ. ಅಲ್ಲಿ ಹಕ್ಕಿ ಇಳಿಯಂಗಿಲ್ರಿ.” ಆಪು ಎಂದರೆ ಜೊಂಡು.

ಅವನ ಮಾತನ್ನೇ ಊಹೆಯಾಗಿ ಕಪ್ಪು ಹಲಗೆಯ ಮೇಲೆ ಬರೆದೆವು. ತರಗತಿಯನ್ನು ಎರಡು ಗುಂಪು ಮಾಡಿ, ಒಂದನ್ನು ಎಮ್ಮೆ ಇಳಿಯುವ ದಡಕ್ಕೂ ಇನ್ನೊಂದನ್ನು ಆಪಿನ ದಡಕ್ಕೂ ಎದುರಾಗಿ ನಿಲ್ಲಿಸಿ, ಹದಿನೈದು ನಿಮಿಷ ಕಂಡ ಹಕ್ಕಿಗಳಿಗೆಲ್ಲ ಗೆರೆ ಎಳೆಯುವುದು, ಮರುದಿನ ಗುಂಪು ಅದಲುಬದಲು. ಮೊದಲ ದಿನ ಅವನ ಊಹೆ ಗೆದ್ದಿತು. ತೆರೆದ ದಡದಲ್ಲಿ ಗೆರೆಗಳು ಹೆಚ್ಚು. ಎರಡನೇ ದಿನ ಆಪಿನ ಕಡೆ ನಿಂತ ಗುಂಪು ಸದ್ದಿಲ್ಲದೆ ಕಾಯ್ದದ್ದರಿಂದ, ನೀಲಿ ಮೈಯ, ಕೆಂಪು ಕೊಕ್ಕಿನ ಜಂಬುಕೋಳಿಗಳು ಜೊಂಡಿನ ಸಂದಿಯಿಂದ ಹೊರಬಂದವು. ಹುಡುಗಿಯರು ಅದಕ್ಕೆ ‘ಲಿಪ್‌ಸ್ಟಿಕ್ ಕೋಳಿ’ ಎಂದು ಹೆಸರಿಟ್ಟರು. ‘ಅಲ್ಲಿ ಹಕ್ಕಿ ಇಳಿಯಂಗಿಲ್ಲ’ ಎಂಬ ವಾಕ್ಯವನ್ನು ಆ ಹುಡುಗನೇ ಒರೆಸಿ, ‘ಬ್ಯಾರೆ ಹಕ್ಕಿ ಇರ್ತಾವು’ ಎಂದು ತಿದ್ದಿದ. ಮೂರನೇ ದಿನ ಒಬ್ಬ ಹುಡುಗಿ ತಕರಾರು ತೆಗೆದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೇ ಎಮ್ಮೆ ಇಳಿಸಿದರೆ ಸಗಣಿ ನೀರಿನಲ್ಲಿ ಒಗೆಯಬೇಕಾಗುತ್ತದೆ, ತನ್ನ ಅವ್ವ ದಿನಾ ಬೈಯುತ್ತಾಳೆ, ಅದನ್ನೂ ಬರೆಯಬೇಕು ಎಂದಳು. ಅದೂ ಸರಿಯೇ. ಅದಕ್ಕೆ ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಬರೆದೆವು.

ಮೂರು ದಿನದ ಈ ಗೆರೆಗಳು ವಿಜ್ಞಾನದ ಸಾಕ್ಷ್ಯವಲ್ಲ, ಅದು ನನಗೆ ಗೊತ್ತು. ಹಕ್ಕಿಗಳ ಲೆಕ್ಕ ದಿನದಿಂದ ದಿನಕ್ಕೆ ಬದಲಾಗುತ್ತಿತ್ತು, ಹಾರಿಹೋದದ್ದು ಮತ್ತೆ ಬಂದರೆ ಎರಡು ಸಲ ಎಣಿಕೆಯಾಗುತ್ತಿತ್ತು. ಇದನ್ನೂ ಮಕ್ಕಳೇ ಎತ್ತಿ ಹೇಳಿದರು. ಆದರೆ ಊಹೆ ಮಾಡುವುದು, ನೋಡುವುದು, ತಪ್ಪಿದ್ದರೆ ತಿದ್ದುವುದು, ಬೇರೆಯವರ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಂಬ ನಾಲ್ಕೂ ಕೆಲಸ ಆ ಮೂರು ಅವಧಿಗಳಲ್ಲಿ ನಡೆದವು. ಭರತಪುರದಲ್ಲಿ ವಿಜ್ಞಾನಿಗಳು ಹತ್ತು ವರ್ಷ ಮಾಡಿದ್ದೂ ಇದೇ ಕೆಲಸ, ಬಹಳ ದೊಡ್ಡ ಪ್ರಮಾಣದಲ್ಲಿ, ಬಹಳ ಶಿಸ್ತಿನಿಂದ.

ಈ ಪಾಠಕ್ಕೆ ನನಗೆ ಮೊದಲ ಪಾಠಕ್ಕಿಂತ ಕಡಿಮೆ ಅಂಕ ಬಂದವು. ‘ನಿರೀಕ್ಷಿತ ಉತ್ತರ’ ಎಂಬ ಕಾಲಂ ಖಾಲಿ ಬಿಟ್ಟಿದ್ದೆ. ‘ಪಾಠದ ಮುಕ್ತಾಯ ಅಸ್ಪಷ್ಟ’ ಎಂದು ಷರಾ ಬಂತು. ಅಂಕದ ಬಗ್ಗೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ನಮೂನೆಯಲ್ಲಿ ಕಾಲಂ ಇದ್ದ ಮೇಲೆ ಅದನ್ನು ತುಂಬಿಲ್ಲ ಎಂದು ವೀಕ್ಷಕರು ಬರೆಯುವುದು ಅವರ ಕರ್ತವ್ಯ. ನನ್ನ ತಕರಾರು ಆ ಕಾಲಂ ಮೇಲೆ.

ಏನು ಬದಲಾಗಬೇಕು

ಪಾಠ ಯೋಜನೆ ಬೇಡ ಎಂದು ನಾನು ಹೇಳುವುದಿಲ್ಲ. ಯೋಜನೆಯಿಲ್ಲದೆ ನಲವತ್ತು ಮಕ್ಕಳನ್ನು ಕೆರೆ ಏರಿಯ ಮೇಲೆ ನಿಲ್ಲಿಸಲು ಆಗುವುದಿಲ್ಲ. ಯಾರು ನೀರಿನ ಹತ್ತಿರ ಹೋಗಬಾರದು, ಯಾವ ಗುಂಪು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ವಾಪಸ್ ಎಂಬುದನ್ನೆಲ್ಲ ನಿಮಿಷ ಲೆಕ್ಕ ಹಾಕಿ ಬರೆದಿದ್ದೆ. ನಿರೀಕ್ಷಿತ ಉತ್ತರವನ್ನೂ ಎಲ್ಲೆಡೆ ತೆಗೆದುಹಾಕಬೇಕಿಲ್ಲ. ನೀರಿನ ಅಣುಸೂತ್ರಕ್ಕೆ ಒಂದೇ ಉತ್ತರ. ಕೆರೆಗೆ ಪ್ಲಾಸ್ಟಿಕ್ ಒಳ್ಳೆಯದೇ ಎಂಬುದು ಚರ್ಚೆಯ ವಿಷಯವೂ ಅಲ್ಲ. ಆದರೆ ಪರಿಸರದ ಪಾಠಗಳಲ್ಲಿ ಜಾಗದಿಂದ ಜಾಗಕ್ಕೆ ಉತ್ತರ ಬದಲಾಗುವ ಪ್ರಶ್ನೆಗಳು ಬಹಳ ಇವೆ. ಅಲ್ಲಿ ನಾವು ಮೊದಲೇ ಉತ್ತರ ಬರೆದುಕೊಂಡು ತರಗತಿಗೆ ಹೋದರೆ, ಮಗು ಹೇಳುವ ಸತ್ಯ ನಮಗೆ ‘ತಪ್ಪು ಉತ್ತರ’ವಾಗಿ ಕೇಳಿಸುತ್ತದೆ. ನನಗೆ ಹಾಗೆಯೇ ಕೇಳಿಸಿತು.

ಇದರಲ್ಲಿ ಇನ್ನೂ ಒಂದು ಅನ್ಯಾಯವಿದೆ. ನಮ್ಮ ಚಾರ್ಟುಗಳಲ್ಲಿ ಶತ್ರುಗಳಾಗಿ ಬರುವವರು ಯಾರು? ಎಮ್ಮೆ ಕಾಯುವವನು, ಸೌದೆ ತರುವವಳು, ಮೀನು ಹಿಡಿಯುವವನು, ಕೆರೆಯಲ್ಲಿ ಬಟ್ಟೆ ಒಗೆಯುವವಳು. ಸರ್ಕಾರಿ ಶಾಲೆಯ ಬೆಂಚಿನ ಮೇಲೆ ಕುಳಿತಿರುವುದು ಅವರ ಮಕ್ಕಳೇ. ನಾವು ಸಂರಕ್ಷಣೆ ಕಲಿಸುತ್ತಿದ್ದೇವೆ ಎಂದುಕೊಂಡು ಅವರ ತಂದೆ-ತಾಯಿಯ ಮೇಲೆ ಕತ್ತರಿ ಗುರುತು ಹಾಕುತ್ತಿರುತ್ತೇವೆ. ಆ ಮಗು ಒಂದೋ ಮನೆಯವರ ಬಗ್ಗೆ ನಾಚಿಕೆಪಡುತ್ತದೆ, ಇಲ್ಲವೇ ನಮ್ಮ ಪಾಠವನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಂಡು ಮರೆತುಬಿಡುತ್ತದೆ. ಭರತಪುರದಲ್ಲಿ ಹಳ್ಳಿಗರನ್ನು ಕೇಳದೆ ತೆಗೆದುಕೊಂಡ ತೀರ್ಮಾನಕ್ಕೆ ಜನರೂ ಬೆಲೆ ತೆತ್ತರು, ಜೌಗೂ ತೆತ್ತಿತು. ತರಗತಿಯಲ್ಲಿ ಗುಂಡು ಹಾರುವುದಿಲ್ಲ. ಒಬ್ಬ ಹುಡುಗ ಕೈ ಎತ್ತುವುದನ್ನು ನಿಲ್ಲಿಸುತ್ತಾನೆ, ಅಷ್ಟೆ. ಅದು ಯಾವ ವೀಕ್ಷಣಾ ಹಾಳೆಯಲ್ಲೂ ದಾಖಲಾಗುವುದಿಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂದಿತು. ನಾವೆಲ್ಲ ಅದನ್ನು ಪ್ರಶ್ನೆಪತ್ರಿಕೆಯಲ್ಲಿ ಐದು ಅಂಕಕ್ಕೆ ಬರೆದಿದ್ದೇವೆ. ಅದು ನಮ್ಮ ದಾಖಲೆ ಪುಸ್ತಕಕ್ಕೂ ಇಳಿಯಬೇಕಾದರೆ ಮೂರು ಸಣ್ಣ ಬದಲಾವಣೆ ಸಾಕು ಎಂದು ನನಗನ್ನಿಸುತ್ತದೆ.

ಒಂದು, ಪರಿಸರ ಸಂಬಂಧಿ ಪಾಠಗಳ ಯೋಜನೆಯಲ್ಲಿ ‘ನಿರೀಕ್ಷಿತ ಉತ್ತರ’ದ ಪಕ್ಕದಲ್ಲಿ ‘ಮಕ್ಕಳಿಂದ ಬಂದ ಉತ್ತರ’ ಎಂಬ ಇನ್ನೊಂದು ಕಾಲಂ ಇರಲಿ. ಅದನ್ನು ಪಾಠ ಮುಗಿದ ಮೇಲೆ ತುಂಬಬೇಕು. ನಾವು ಎಣಿಸಿರದ ಒಂದು ಮಾತಾದರೂ ಅಲ್ಲಿ ಬಂದಿದ್ದರೆ ಅದಕ್ಕೂ ಅಂಕ ಇರಲಿ.

ಎರಡು, ಪೂರ್ವಜ್ಞಾನ ಪರೀಕ್ಷೆಯಲ್ಲಿ ನಾವು ಸಾಮಾನ್ಯವಾಗಿ ಹಿಂದಿನ ತರಗತಿಯ ಪಾಠವನ್ನೇ ಕೇಳುತ್ತೇವೆ. ಅದರ ಜೊತೆಗೆ ‘ನಿಮ್ಮ ಮನೆಯಲ್ಲಿ ಈ ಕೆಲಸ ಯಾರು ಮಾಡುತ್ತಾರೆ?’ ಎಂಬ ಒಂದು ಪ್ರಶ್ನೆ ಸೇರಲಿ. ಆ ಒಂದು ಪ್ರಶ್ನೆ ಕೇಳಿದ್ದರೆ ನಾಲ್ಕು ಎಮ್ಮೆಗಳ ಸುದ್ದಿ ನನಗೆ ಚಾರ್ಟ್ ತೂಗುಹಾಕುವ ಮುಂಚೆಯೇ ತಿಳಿಯುತ್ತಿತ್ತು.

ಮೂರು, ಶೈಕ್ಷಣಿಕ ಪ್ರವಾಸದ ವರದಿ. ನಾವು ಈಗ ಬರೆಯುವುದು ನೋಡಿದ ಸ್ಥಳಗಳ ಹೆಸರು, ಇಸವಿ ಮತ್ತು ಫೋಟೋ. ಕೇವಲಾದೇವದ ಬಗ್ಗೆ ನನ್ನ ಮೊದಲ ವರದಿಯಲ್ಲಿ ಇಪ್ಪತ್ತೆರಡು ಹಕ್ಕಿಗಳ ಹೆಸರುಗಳಿದ್ದವು, ಒಂದೂ ಪ್ರಶ್ನೆ ಇರಲಿಲ್ಲ. ಪ್ರತಿ ಸ್ಥಳದಿಂದ ಶಾಲೆಗೆ ತೆಗೆದುಕೊಂಡು ಹೋಗಬಹುದಾದ ಒಂದು ಪ್ರಶ್ನೆ ಬರೆಯಬೇಕು ಎಂಬ ನಿಯಮವಿದ್ದರೆ ನಾವು ಬಸ್ಸಿನಿಂದ ಇಳಿಯುವ ರೀತಿಯೇ ಬೇರೆಯಾಗುತ್ತದೆ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬ ಮಾತು ಬರುತ್ತದೆ. ನನ್ನ ಕೆರೆ ಪಾಠಕ್ಕೆ ಮೂರು ಅವಧಿ ಹಿಡಿಯಿತು, ಚಾರ್ಟಿನ ಪಾಠ ಒಂದೇ ಅವಧಿಯಲ್ಲಿ ಮುಗಿದಿತ್ತು. ಸಿಲಬಸ್ ಮುಗಿಸುವ ಒತ್ತಡ ಶಾಲೆಯಲ್ಲಿ ಎಷ್ಟಿದೆ ಎಂದು ನಾನೂ ನೋಡಿದ್ದೇನೆ. ಎಲ್ಲ ಪಾಠಕ್ಕೂ ಹೀಗೆ ಮಾಡಲು ಸಾಧ್ಯವಿಲ್ಲ. ವರ್ಷಕ್ಕೆ ಒಂದು ಪಾಠಕ್ಕೆ, ನಡೆದು ಹೋಗುವಷ್ಟು ಹತ್ತಿರದ ಒಂದು ಕೆರೆಗೋ ಹಳ್ಳಕ್ಕೋ ಹೊಲಕ್ಕೋ ಆದರೂ ಮಾಡಬಹುದು. ಮಾಗಡಿ ಕೆರೆ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಅದರ ಸುತ್ತಲಿನ ಶಾಲೆಗಳಲ್ಲಿ ಬೋಧನಾಭ್ಯಾಸ ಮಾಡುವ ನಮ್ಮಂಥವರು ಆ ಸುದ್ದಿಯನ್ನು ಸಾಮಾನ್ಯ ಜ್ಞಾನದ ಪ್ರಶ್ನೆಯಾಗಿ ಮಾತ್ರ ಕೇಳಿ ಬಿಟ್ಟರೆ, ಆ ಕೆರೆಯ ದಡದಲ್ಲೇ ಬೆಳೆಯುವ ಮಕ್ಕಳಿಗೆ ಅದರಲ್ಲಿ ಪಾಲಿಲ್ಲದಂತಾಗುತ್ತದೆ.

ಬೋಧನಾಭ್ಯಾಸದ ಕೊನೆಯ ದಿನ ಹಳೆಯ ಚಾರ್ಟನ್ನು ಮಕ್ಕಳ ಕೈಗೆ ಕೊಟ್ಟೆ. ಎಮ್ಮೆಯ ಮೇಲಿನ ಕೆಂಪು ಗುರುತು ಹೋಗುವಂಥದ್ದಲ್ಲ. ಅವರು ಎಮ್ಮೆಯ ಚಿತ್ರವನ್ನಷ್ಟೇ ಕತ್ತರಿಸಿ ತೆಗೆದು, ಹೊಸ ಹಾಳೆಯ ಮೇಲೆ ಕೆರೆಯ ನಕ್ಷೆ ಬರೆದು, ಅದು ಇಳಿಯುವ ದಡದಲ್ಲಿ ಅಂಟಿಸಿದರು. ಒಗೆಯುವ ಕಲ್ಲಿನಿಂದ ಸ್ವಲ್ಪ ದೂರಕ್ಕೆ ಅಂಟಿಸಬೇಕೆಂದು ಆ ಹುಡುಗಿ ಪಟ್ಟು ಹಿಡಿದಳು. ಹುಡುಗ ಒಪ್ಪಿದ. ಆ ನಕ್ಷೆಯನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದೇನೆ. ಮುಂದಿನ ವರ್ಷ ಅಲ್ಲಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ದಯವಿಟ್ಟು ಅದನ್ನು ನೋಡಿ, ಪಾಠ ಯೋಜನೆ ಬರೆಯುವ ಮುಂಚೆ ಒಂದು ಬೆಳಿಗ್ಗೆ ಕೆರೆಗೂ ಹೋಗಿಬನ್ನಿ. ಎಂಟು ಗಂಟೆಗೆ ಎಮ್ಮೆಗಳು ಬರುತ್ತವೆ.